ಮೊದಲ ಸಲ ನಾನೇ ಬೈಕ್ ತೊಳೆದದ್ದು ಹೀಗೆ

ಪೈಪ್ ಹಿಡಿಯುವ ಮೊದಲು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ನೀರು ಎಲ್ಲೆಲ್ಲಿಗೆ ಹೋಗಬಾರದು ಅಂತ ನೋಡಿಕೊಂಡೆ. ಸೈಲೆನ್ಸರ್ ಬಾಯಿ, ಕೀ ಹಾಕುವ ತೂತು, ಹ್ಯಾಂಡಲ್ ಮೇಲಿನ ಸ್ವಿಚ್‌ಗಳು, ಏರ್ ಫಿಲ್ಟರ್‌ಗೆ ಗಾಳಿ ಎಳೆಯುವ ಜಾಗ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಸೈಲೆನ್ಸರ್‌ಗೆ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಬಿಗಿದೆ. ಗಾಡಿಯ ಕೀಯನ್ನೂ ಅದೇ ಬ್ಯಾಂಡಿಗೆ ಸಿಕ್ಕಿಸಿದೆ. ಕವರ್ ಬಿಚ್ಚದೆ ಸ್ಟಾರ್ಟ್ ಮಾಡೋಕೆ ಆಗಲ್ಲ ಅಲ್ವಾ, ಅದಕ್ಕೆ.

ನೆರಳಲ್ಲೇ ತೊಳೆಯಬೇಕು. ಬಿಸಿ ಟ್ಯಾಂಕ್ ಮೇಲೆ ಶಾಂಪೂ ಒಣಗಿ ಕಲೆ ಉಳಿಯುತ್ತದೆ.

ಪ್ರೆಷರ್ ವಾಷರ್ ನಾನು ಬಳಸಲಿಲ್ಲ, ಹೊಸಬರು ಯಾರೂ ಬಳಸಬೇಡಿ. ಆ ರಭಸಕ್ಕೆ ಚಕ್ರದ ಬೇರಿಂಗ್ ಸೀಲ್ ದಾಟಿ ನೀರು ಒಳಗೆ ಹೋಗುತ್ತದೆ, ಅಲ್ಲಿರುವ ಗ್ರೀಸ್ ಹಾಳಾಗುತ್ತದೆ, ಒಳಗೊಳಗೇ ತುಕ್ಕು ಹಿಡಿಯುತ್ತದೆ, ಹೊರಗಿನಿಂದ ಮಾತ್ರ ಗಾಡಿ ಫಳಫಳ ಅಂತಿರುತ್ತದೆ. ರೇಡಿಯೇಟರ್‌ನ ತೆಳು ರೆಕ್ಕೆಗಳೂ ಬಗ್ಗಿಹೋಗಬಹುದು. ಸಾಮಾನ್ಯ ಪೈಪಿನ ನೀರು ಧಾರಾಳವಾಗಿ ಸಾಕು.

ಮೊದಲು ಬರೀ ನೀರು ಹಾಯಿಸಿ ಧೂಳು ಇಳಿಸಿದೆ. ಬಣ್ಣದ ಮೇಲೆ ಬೀಳುವ ಸಣ್ಣ ಗೀರುಗಳು ಹೆಚ್ಚಾಗಿ ಒಣ ಧೂಳನ್ನು ಬಟ್ಟೆಯಿಂದ ಉಜ್ಜುವುದರಿಂದಲೇ ಬರುತ್ತವೆ. ಬಕೆಟ್ ಎರಡು ಇಟ್ಟುಕೊಂಡೆ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಪಾತ್ರೆ ತೊಳೆಯುವ ಸೋಪು ಬೇಡ, ಅದು ಬಣ್ಣದ ಮೇಲಿನ ವ್ಯಾಕ್ಸ್ ಕಿತ್ತುಹಾಕುತ್ತದೆ. ಗಾಡಿಗಂತಲೇ ಬರುವ ಶಾಂಪೂ ತಗೊಳ್ಳಿ. ಮೇಲಿನಿಂದ ಕೆಳಕ್ಕೆ ಬಂದು, ಚಕ್ರಗಳನ್ನು ಕೊನೆಗೆ ಬೇರೆಯೇ ಬಟ್ಟೆಯಲ್ಲಿ ತೊಳೆದೆ. ಬ್ರೇಕಿನ ಧೂಳಲ್ಲಿ ಲೋಹದ ಕಣ ಇರುತ್ತದೆ, ಆ ಬಟ್ಟೆ ಟ್ಯಾಂಕಿಗೆ ತಾಗಲೇಬಾರದು. ಹೆಡ್‌ಲೈಟ್ ಮೇಲೆ ಅಂಟಿದ ಹುಳುಗಳನ್ನು ಕೆರೆಯಬೇಡಿ, ಒದ್ದೆ ಬಟ್ಟೆ ಹೊದಿಸಿ ಸ್ವಲ್ಪ ಹೊತ್ತು ಬಿಟ್ಟರೆ ತಾವೇ ಬಿಡುತ್ತವೆ.

ಕೈಯಲ್ಲಿ ತೊಳೆಯುವಾಗ ಕಣ್ಣಿಗೂ ಕೆಲಸ ಕೊಡಿ. ಮುಂದಿನ ಫೋರ್ಕ್ ಮೇಲೆ ಎಣ್ಣೆಯ ಉಂಗುರ ಕಂಡರೆ ಆಯಿಲ್ ಸೀಲ್ ಸೋರುತ್ತಿದೆ ಅಂತ. ಸಡಿಲವಾದ ನಟ್ಟು, ಟೈರಿನಲ್ಲಿ ಸಿಕ್ಕಿಕೊಂಡ ಚೂಪು ಕಲ್ಲು, ಎಲ್ಲವೂ ಇಂಥ ಹೊತ್ತಲ್ಲೇ ಕಾಣುವುದು.

ಚೈನ್ ವಿಷಯಕ್ಕೆ ಬಂದರೆ ದಯವಿಟ್ಟು ಅವಸರ ಮಾಡಬೇಡಿ. ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಲ್ಲೇ ತಿರುಗಿಸಿದೆ. ಇಂಜಿನ್ ಓಡಿಸಿ, ಗೇರ್ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವವರಿದ್ದಾರೆ. ಬಟ್ಟೆ ಸ್ಪ್ರಾಕೆಟ್ಟಿಗೆ (ಚೈನ್ ಕೂರುವ ಹಲ್ಲಿನ ಚಕ್ರ) ಸಿಕ್ಕಿತೆಂದರೆ ಹಿಂದೆಯೇ ಬೆರಳೂ ಹೋಗುತ್ತದೆ, ಕೈ ಎಳೆದುಕೊಳ್ಳಲು ಸಮಯವೇ ಇರುವುದಿಲ್ಲ. ಕೈಯಲ್ಲಿ ತಿರುಗಿಸುವಾಗಲೂ ಬೆರಳು ಸ್ಪ್ರಾಕೆಟ್ ಹತ್ತಿರ ಬೇಡ. ಓ-ರಿಂಗ್ ಚೈನಾದರೆ ಪೆಟ್ರೋಲ್, ತಂತಿ ಬ್ರಷ್ ಎರಡೂ ಬೇಡ. ಪಿನ್ನುಗಳ ಒಳಗೆ ಗ್ರೀಸ್ ಹಿಡಿದಿಡುವುದೇ ಆ ರಬ್ಬರ್ ರಿಂಗುಗಳು, ಅವು ಹೋದರೆ ಚೈನೇ ಹೋದಂತೆ. ಚೈನ್ ಕ್ಲೀನರ್, ಮೃದು ಬ್ರಷ್ ಇದ್ದರೆ ಆಯಿತು. ಒರೆಸಿ ಒಣಗಿದ ಮೇಲೆ ಕೆಳಗಿನ ಸಾಲಿನ ಒಳಬದಿಗೆ ಲ್ಯೂಬ್ (ಚೈನಿಗೆ ಹಾಕುವ ಎಣ್ಣೆ) ಹಾಕಿದೆ, ಚೈನ್ ತಿರುಗುವಾಗ ಅದು ಹೊರಕ್ಕೆ ಹರಡಿಕೊಳ್ಳುತ್ತದೆ. ಸ್ಪ್ರೇ ಹೊಡೆಯುವಾಗ ಹಿಂದಿನ ಬ್ರೇಕ್ ಡಿಸ್ಕ್ ಮತ್ತು ಟೈರಿಗೆ ದಪ್ಪ ರಟ್ಟು ಅಡ್ಡ ಹಿಡಿದೆ. ಜಾಸ್ತಿಯಾದದ್ದನ್ನು ಒರೆಸಿಬಿಟ್ಟೆ.

ಪಾಲಿಶ್ ಟ್ಯಾಂಕಿಗೆ, ಬಣ್ಣ ಹೊಡೆದ ಭಾಗಗಳಿಗೆ ಮಾತ್ರ. ಮ್ಯಾಟ್ ಬಣ್ಣಕ್ಕೆ ಅದೂ ಬೇಡ, ಅಲ್ಲಲ್ಲಿ ಹೊಳಪು ಬಂದು ಅಸಹ್ಯವಾಗುತ್ತದೆ. ಸೀಟು, ಹ್ಯಾಂಡಲ್ ಗ್ರಿಪ್, ಫುಟ್‌ರೆಸ್ಟ್, ಟೈರಿನ ರಸ್ತೆಗೆ ತಾಗುವ ಭಾಗ, ಇವಕ್ಕೆ ಹೊಳಪಿನ ಯಾವ ಸ್ಪ್ರೇಯನ್ನೂ ಹಾಕಬೇಡಿ, ಜಾರುತ್ತವೆ. ಡಿಸ್ಕಿಗಂತೂ ಒಂದು ಹನಿಯೂ ಬೀಳಬಾರದು. ಬಿದ್ದರೆ ಬ್ರೇಕ್ ಕ್ಲೀನರ್‌ನಲ್ಲಿ ಒರೆಸಲೇಬೇಕು, ಬ್ರೇಕ್ ಪ್ಯಾಡ್ ಎಣ್ಣೆ ಕುಡಿದಿದ್ದರೆ ಬದಲಾಯಿಸಬೇಕು.

ಕವರ್ ತೆಗೆದು, ಬಯಲಲ್ಲಿ ನಿಲ್ಲಿಸಿಯೇ ಇಂಜಿನ್ ಸ್ವಲ್ಪ ಹೊತ್ತು ಓಡಿಸಿದೆ. ಮುಚ್ಚಿದ ಶೆಡ್ಡಿನಲ್ಲಿ ಬೇಡ, ಸೈಲೆನ್ಸರ್ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ಆಮೇಲೆ ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸುತ್ತಾ ಎರಡೂ ಬ್ರೇಕನ್ನು ಮೆಲ್ಲಗೆ ಒತ್ತಿ ಒತ್ತಿ ಬಿಟ್ಟೆ. ಒದ್ದೆ ಡಿಸ್ಕ್ ಮೊದಮೊದಲು ಸರಿಯಾಗಿ ಹಿಡಿಯುವುದಿಲ್ಲ. ಹಿಡಿತ ಪೂರ್ತಿ ಬಂತು ಅಂತ ಕೈಗೂ ಕಾಲಿಗೂ ಗೊತ್ತಾದ ಮೇಲೆಯೇ ರೋಡಿಗೆ ಇಳಿದೆ.