ಕಂಪ್ಯೂಟರ್ ಏಳೋಕೆ ತಡವೇ? ಮೊದಲು ಕಸ ಗುಡಿಸಿ

ಮಲ್ಲೇಶ್ವರದಲ್ಲಿರುವ ನಮ್ಮ ಚಿಕ್ಕಮ್ಮ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿ, ಆಮೇಲೆ ಫಿಲ್ಟರ್‌ಗೆ ಬಿಸಿನೀರು ಸುರಿಯುತ್ತಾರೆ. ಡಿಕಾಕ್ಷನ್ ಇಳಿದು ಮುಗಿದರೂ ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು. ಕಂಪ್ಯೂಟರ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋಗಿ ಹೊಸದೇ ತರೋಣ ಅಂತ ಹೊರಟಿದ್ದರು. ಸ್ವಲ್ಪ ತಾಳಿ ಅಂತ ‘ದಿಸ್ ಪಿಸಿ’ ತೆರೆದೆ. ವಿಂಡೋಸ್ ಇರುವ ಸಿ ಡ್ರೈವ್ ಕೆಳಗಿನ ಗೆರೆ ಕೆಂಪಗಾಗಿತ್ತು. 99 ಜಿಬಿಯಲ್ಲಿ ಖಾಲಿ ಇದ್ದದ್ದು 2.

ನಿಮ್ಮದೂ ಕೆಂಪಗಿದೆಯಾ? ಹಾಗಾದರೆ ಶುರು ಮಾಡಿ. ವಿಂಡೋಸ್ 10 ಅಥವಾ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್, ಟೆಂಪರರಿ ಫೈಲ್ಸ್. ಲೆಕ್ಕ ಹಾಕಲು ಅದಕ್ಕೆ ಒಂದೆರಡು ನಿಮಿಷ ಬೇಕು. ಹಳೆ ಅಪ್‌ಡೇಟ್‌ಗಳ ಕಸವೇ ಜಾಸ್ತಿ ಇರುತ್ತದೆ, ಅದಕ್ಕೆ ಟಿಕ್ ಹಾಕಿ. ಅದೇ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಕೂಡ ಕೂತಿರುತ್ತದೆ, ಹುಷಾರು! ಚಿಕ್ಕಮ್ಮನ ಪಾಸ್‌ಬುಕ್ ಪಿಡಿಎಫ್‌ಗಳೆಲ್ಲ ಅಲ್ಲೇ ಇದ್ದವು. ಆ ಟಿಕ್ ತೆಗೆದೇ ‘ರಿಮೂವ್’ ಒತ್ತಿ.

ಮುಂದೆ, ವಿಂಡೋಸ್ ಕೀ ಜತೆ ಆರ್ ಒತ್ತಿ. ಬರುವ ಪೆಟ್ಟಿಗೆಯಲ್ಲಿ ಶೇಕಡಾ ಚಿಹ್ನೆ, ಟೆಂಪ್, ಮತ್ತೆ ಶೇಕಡಾ ಚಿಹ್ನೆ. ಇಂಗ್ಲಿಷ್ ಅಕ್ಷರದಲ್ಲೇ, ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ತೆರೆದ ಫೋಲ್ಡರಿನಲ್ಲಿ ಇರುವುದನ್ನೆಲ್ಲ ಅಳಿಸಬಹುದು. ‘ಬಳಕೆಯಲ್ಲಿದೆ’ ಅಂತ ತಕರಾರು ಬಂದರೆ ‘ಸ್ಕಿಪ್’ ಮಾಡಿ.

ಇಲ್ಲಿಗೆ ನಿಲ್ಲಿಸಿ. ‘ಪ್ರಿಫೆಚ್’ ಫೋಲ್ಡರನ್ನೂ ಖಾಲಿ ಮಾಡಿ ಅಂತ ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಂಪ್ಯೂಟರ್ ಎತ್ತಿಡುವ ಫೈಲುಗಳಲ್ಲಿ ಎರಡು ಜಾತಿ. ಒಂದು, ಮುಂದೆ ಬೇಕಾದೀತು ಅಂತ ತೊಳೆದು ಕೂಡಿಟ್ಟ ಹಾಲಿನ ಕವರ್. ಇನ್ನೊಂದು, ಒಲೆ ಪಕ್ಕದ ಒಗ್ಗರಣೆ ಡಬ್ಬಿ. ಪ್ರಿಫೆಚ್ ಎರಡನೆಯದು. ಯಾವ ಆ್ಯಪ್‌ಗೆ ಯಾವ ಫೈಲ್ ಮೊದಲು ಬೇಕು ಅನ್ನುವ ಗುರುತು ಅದರಲ್ಲಿರುತ್ತದೆ. ಅಳಿಸಿದರೆ ವಿಂಡೋಸ್ ಮತ್ತೆ ಕಟ್ಟಿಕೊಳ್ಳುತ್ತದೆ, ಅಲ್ಲಿಯವರೆಗೆ ನಿಧಾನ ಇನ್ನೂ ಹೆಚ್ಚು.

ಬ್ರೌಸರ್ ತೊಂದರೆ ಕೊಡುತ್ತಿದ್ದರೆ ಮಾತ್ರ ಕಂಟ್ರೋಲ್, ಶಿಫ್ಟ್, ಡಿಲೀಟ್ ಒಟ್ಟಿಗೆ ಒತ್ತಿ ಅದರ ಕ್ಯಾಶ್, ಅಂದರೆ ನೋಡಿದ ಪುಟಗಳಿಂದ ಎತ್ತಿಟ್ಟ ಚಿತ್ರ, ಫೈಲುಗಳನ್ನು ತೆಗೆಯಿರಿ. ಪಾಸ್‌ವರ್ಡ್, ಕುಕೀಸ್ ಮುಟ್ಟಬೇಡಿ. ಸುಮ್ನೆ ಎಲ್ಲ ಕಡೆ ಮತ್ತೆ ಲಾಗಿನ್ ಆಗಬೇಕಾದೀತು.

ಜಾಗ ಆದ ಮೇಲೂ ಆನ್ ಆಗೋದು ತಡವಾದರೆ ತಪ್ಪು ಬೇರೆ ಕಡೆ ಇದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿದರೆ ಟಾಸ್ಕ್ ಮ್ಯಾನೇಜರ್. ಅದರ ‘ಸ್ಟಾರ್ಟಪ್’ ಪಟ್ಟಿಯಲ್ಲಿ ‘ಹೈ’ ಅಂತಿರುವುದನ್ನು ನೋಡಿ. ಮೀಟಿಂಗ್ ಆ್ಯಪ್, ಆಟದ ಆ್ಯಪ್, ಪ್ರಿಂಟರ್ ಜತೆ ಬಂದದ್ದು, ಎಲ್ಲವೂ ನಾ ಮುಂದು ತಾ ಮುಂದು ಅಂತ ಎದ್ದಿರುತ್ತವೆ. ಬೇಡದ್ದನ್ನು ‘ಡಿಸೇಬಲ್’ ಮಾಡಿ. ಆ್ಯಪ್ ಹೋಗುವುದಿಲ್ಲ, ತಾನಾಗಿ ಏಳುವುದು ನಿಲ್ಲುತ್ತದೆ ಅಷ್ಟೆ. ಆ್ಯಂಟಿವೈರಸ್ ಹಾಗೇ ಇರಲಿ.

ಕೊನೆಗೆ ‘ರೀಸ್ಟಾರ್ಟ್’ ಕೊಡಿ, ಶಟ್‌ಡೌನ್ ಅಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ವಿಂಡೋಸ್ ಪೂರ್ತಿ ಆರುವುದಿಲ್ಲ.

ಇಷ್ಟಾದರೂ ಸುಧಾರಿಸದೆ, ಒಳಗೆ ತಿರುಗುವ ಹಳೆ ಹಾರ್ಡ್ ಡಿಸ್ಕ್ ಇದ್ದರೆ ಆಗ ಎಸ್‌ಪಿ ರೋಡಿಗೆ ಹೋಗಿ. ಹೊಸ ಕಂಪ್ಯೂಟರ್‌ಗಲ್ಲ, ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ, ತಿರುಗದ, ವೇಗದ ಎಸ್‌ಎಸ್‌ಡಿಗೆ. ಫೋಟೊಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡೇ ಹೊರಡಿ.