ಡೈನಸ್ಟಿ ನಿಮ್ಮದಾಗಬೇಕೆ? ಮೊದಲ ಪಂದ್ಯಕ್ಕೂ ಮುನ್ನ ಇಷ್ಟು ಮಾಡಿ

ಅಮೆರಿಕದ ಕಾಲೇಜು ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ಆಧರಿಸಿ ಇಎ ಸ್ಪೋರ್ಟ್ಸ್ ತಯಾರಿಸುತ್ತಿದ್ದ ವಿಡಿಯೊ ಗೇಮ್ 2013ರ ಆವೃತ್ತಿಯ ನಂತರ ನಿಂತುಹೋಗಿತ್ತು. ವಿದ್ಯಾರ್ಥಿ ಆಟಗಾರರ ಚಹರೆ ಬಳಸಿಕೊಂಡು ಅವರಿಗೆ ಬಿಡಿಗಾಸೂ ಕೊಡದಿರುವುದು ನ್ಯಾಯವೇ ಎಂಬ ಪ್ರಶ್ನೆ ಕೋರ್ಟ್ ಮೆಟ್ಟಿಲೇರಿದ್ದೇ ಇದಕ್ಕೆ ಕಾರಣ. ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದೆಂದು 2021ರಲ್ಲಿ ನಿಯಮ ಬದಲಾಯಿತು. 2024ರ ಜುಲೈನಲ್ಲಿ ‘ಕಾಲೇಜ್ ಫುಟ್‌ಬಾಲ್ 25’, ಮರುವರ್ಷ ‘ಕಾಲೇಜ್ ಫುಟ್‌ಬಾಲ್ 26’ ಮಾರುಕಟ್ಟೆಗೆ ಬಂದವು. ಎರಡನ್ನೂ ಆಡಲು ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಸ್ ಬೇಕು.

ಈ ಆಟದ ಜೀವಾಳ ‘ಡೈನಸ್ಟಿ’ ಎಂಬ ವಿಭಾಗ. ಒಂದು ವಿಶ್ವವಿದ್ಯಾಲಯದ ತಂಡಕ್ಕೆ ತರಬೇತುದಾರರಾಗಿ ಸೇರಿ, ಮೂವತ್ತು ಋತುಗಳವರೆಗೆ ಅದನ್ನು ಕಟ್ಟುತ್ತಾ ಹೋಗಬಹುದು. ಬಹಳಷ್ಟು ಮಂದಿ ಅಲಬಾಮಾ ಅಥವಾ ಜಾರ್ಜಿಯಾದಂಥ ಬಲಾಢ್ಯ ತಂಡವನ್ನು ಆರಿಸಿಕೊಂಡು ನೇರವಾಗಿ ಮೈದಾನಕ್ಕಿಳಿಯುತ್ತಾರೆ. ಮೂರ್ನಾಲ್ಕು ಸಲ ಚಾಂಪಿಯನ್ ಆಗುವಷ್ಟರಲ್ಲಿ ಬೇಸರ ಬಂದುಬಿಡುತ್ತದೆ. ಪಂದ್ಯ ಶುರುವಾಗುವ ಮೊದಲು ಒಂದು ಗಂಟೆ ಕುಳಿತು ಆಟವನ್ನು ನಿಮಗೆ ಬೇಕಾದಂತೆ ಹೊಂದಿಸಿಕೊಂಡರೆ ಅದೇ ಡೈನಸ್ಟಿ ತಿಂಗಳುಗಟ್ಟಲೆ ಹಿಡಿದಿಡುತ್ತದೆ.

ತಂಡದ ಆಯ್ಕೆ

ಬಡ ತಂಡವನ್ನು ಆರಿಸಿಕೊಳ್ಳಿ. ನನ್ನ ಸಲಹೆ ಒಹಾಯೊ ರಾಜ್ಯದ ಕೆಂಟ್ ಸ್ಟೇಟ್. 2024ರ ಋತುವಿನಲ್ಲಿ ಈ ತಂಡ ಆಡಿದ 12 ಪಂದ್ಯಗಳನ್ನೂ ಸೋತಿತು. ಹಾಗೆಂದು ಇದಕ್ಕೆ ಇತಿಹಾಸವಿಲ್ಲ ಎಂದುಕೊಳ್ಳಬೇಡಿ. ತರಬೇತುದಾರರಾಗಿ ಏಳು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ನಿಕ್ ಸೇಬನ್ ಆಟಗಾರರಾಗಿದ್ದದ್ದು ಇಲ್ಲಿಯೇ. ನೆರೆಯ ಆಕ್ರನ್ ಜೊತೆ ಪ್ರತಿವರ್ಷ ‘ವ್ಯಾಗನ್ ವೀಲ್’ ಹೆಸರಿನ ಗಾಡಿಚಕ್ರದ ಟ್ರೋಫಿಗಾಗಿ ಸೆಣಸಾಟವಿದೆ. ಹೀಗೆ ಸೋಲು, ಹೆಮ್ಮೆ, ಹಗೆ ಮೂರೂ ಇರುವ ತಂಡ ಸಿಕ್ಕರೆ ಕಥೆ ತಾನಾಗಿ ಹುಟ್ಟುತ್ತದೆ.

ಇರುವ ಯಾವ ತಂಡವೂ ಬೇಡವೆನ್ನುವವರಿಗೆ ‘ಟೀಮ್ ಬಿಲ್ಡರ್’ ಇದೆ. ಇದರ ಕೆಲಸ ನಡೆಯುವುದು ಕನ್ಸೋಲ್‌ನಲ್ಲಲ್ಲ, ಇಎ ಜಾಲತಾಣದಲ್ಲಿ. ಹೆಸರು, ಲಾಂಛನ, ಜೆರ್ಸಿ, ಕ್ರೀಡಾಂಗಣ ಎಲ್ಲವನ್ನೂ ಅಲ್ಲಿ ಸಿದ್ಧಪಡಿಸಿ, ಡೈನಸ್ಟಿ ಆರಂಭಿಸುವಾಗ ಇಳಿಸಿಕೊಳ್ಳಬೇಕು. ನಿಮ್ಮ ತಂಡ ಈಗಿರುವ ಒಂದು ತಂಡದ ಜಾಗದಲ್ಲಿ ಬಂದು ಕೂರುತ್ತದೆ. ಆದ್ದರಿಂದ ಯಾರನ್ನು ಎಬ್ಬಿಸಬೇಕೆಂದು ಮೊದಲೇ ನಿರ್ಧರಿಸಿಕೊಳ್ಳಿ. ಹೊಸ ತಂಡಕ್ಕೆ ಘಟಾನುಘಟಿ ಆಟಗಾರರನ್ನು ತುಂಬಿದರೆ ಮತ್ತೆ ಅಲಬಾಮಾ ಕಥೆಯೇ ಆದೀತು.

ತರಬೇತುದಾರರ ರೂಪ

ಮುಖ, ಉಡುಪು ನಿಮ್ಮಿಷ್ಟ. ಅದರಲ್ಲಿ ಹೊತ್ತು ಕಳೆಯಬೇಕಿಲ್ಲ. ಮುಖ್ಯವಾದದ್ದು ಹುದ್ದೆ ಮತ್ತು ಸ್ವಭಾವ. ಮುಖ್ಯ ತರಬೇತುದಾರರಾಗಬಹುದು, ಇಲ್ಲವೇ ಆಕ್ರಮಣ ಅಥವಾ ರಕ್ಷಣಾ ವಿಭಾಗದ ಸಂಯೋಜಕರಾಗಿ ಕೆಳಗಿನಿಂದ ಶುರುಮಾಡಬಹುದು. ಎರಡನೆಯದು ನಿಧಾನದ ದಾರಿ, ಆದರೆ ಬಡ್ತಿ ಸಿಕ್ಕ ದಿನದ ಸಂತೋಷ ಬೇರೆಯೇ. ಸ್ವಭಾವದಲ್ಲಿ ಮೂರು ಬಗೆ: ಆಟಗಾರರನ್ನು ಬೆಳೆಸುವ ಮೋಟಿವೇಟರ್, ಹುಡುಗರನ್ನು ಸೆಳೆಯುವ ರಿಕ್ರೂಟರ್, ಮೈದಾನದ ತಂತ್ರದಲ್ಲಿ ಪಳಗಿದ ಟ್ಯಾಕ್ಟೀಷಿಯನ್. ಬಡ ತಂಡಕ್ಕೆ ಮೋಟಿವೇಟರ್ ಹೊಂದುತ್ತದೆ. ದೊಡ್ಡ ಪ್ರತಿಭೆಗಳು ಬಾರದಿದ್ದಾಗ ಬಂದವರನ್ನೇ ಬೆಳೆಸಿಕೊಳ್ಳಬೇಕಲ್ಲವೇ?

ಭೂಪಟ ಸರಿಪಡಿಸುವುದು

ನನಗೆ ತೀರಾ ಇಷ್ಟವಾದ ಹಂತ ಇದು. ಅಮೆರಿಕದ ಕಾಲೇಜು ತಂಡಗಳು ಒಕ್ಕೂಟಗಳಾಗಿ (ಕಾನ್ಫರೆನ್ಸ್) ಗುಂಪುಗೂಡಿ ಹೆಚ್ಚಾಗಿ ತಮ್ಮೊಳಗೇ ಆಡುತ್ತವೆ. ಟಿವಿ ಹಣದ ಬೆನ್ನುಹತ್ತಿ 2024ರಲ್ಲಿ ಕಾಲೇಜುಗಳೆಲ್ಲ ಚದುರಿಹೋದವು. ಪಶ್ಚಿಮ ಕರಾವಳಿಯ ಪ್ಯಾಕ್-12 ಒಕ್ಕೂಟದಲ್ಲಿ ಆ ವರ್ಷ ಉಳಿದದ್ದು ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ. ಪೆಸಿಫಿಕ್ ದಡದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಈಗ ಅಟ್ಲಾಂಟಿಕ್ ಕೋಸ್ಟ್ ಒಕ್ಕೂಟದಲ್ಲಿವೆ! ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಅಸಂಬದ್ಧ ಕಣ್ಣೆದುರಿಗೇ ಇದೆ.

‘ಕಸ್ಟಮ್ ಕಾನ್ಫರೆನ್ಸ್’ ಎಂಬಲ್ಲಿಗೆ ಹೋದರೆ ತಂಡಗಳನ್ನು ಒಕ್ಕೂಟದಿಂದ ಒಕ್ಕೂಟಕ್ಕೆ ಬದಲಾಯಿಸಬಹುದು. ಬಿಗ್ ಟೆನ್ ಒಕ್ಕೂಟದಿಂದ ಯುಸಿಎಲ್‌ಎ, ಯುಎಸ್‌ಸಿ, ಒರೆಗಾನ್, ವಾಷಿಂಗ್ಟನ್. ಬಿಗ್ 12 ಒಕ್ಕೂಟದಿಂದ ಯೂಟಾ, ಕೊಲರಾಡೊ, ಅರಿಜೋನಾದ ಎರಡು ತಂಡಗಳು. ಜೊತೆಗೆ ಸ್ಟ್ಯಾನ್‌ಫರ್ಡ್, ಬರ್ಕ್ಲಿ. ಈ ಹತ್ತನ್ನೂ ಕರೆತಂದರೆ ಹಳೆಯ ಪ್ಯಾಕ್-12 ಮತ್ತೆ ತುಂಬಿಕೊಳ್ಳುತ್ತದೆ. ಅಲ್ಲಿಯೇ ಒಕ್ಕೂಟದೊಳಗೆ ಎಷ್ಟು ಪಂದ್ಯ, ಯಾವ ಎದುರಾಳಿಯ ಜೊತೆ ವರ್ಷವೂ ಆಡಲೇಬೇಕು ಎಂಬುದನ್ನೂ ಗೊತ್ತುಮಾಡಬಹುದು. ನಿಮ್ಮ ತಂಡ ಕೆಂಟ್ ಆಗಿದ್ದರೆ ಆಕ್ರನ್ ಪಂದ್ಯವನ್ನು ಮರೆಯದೆ ಕಾಯಂ ಮಾಡಿ.

ಕಷ್ಟದ ಮಟ್ಟ

ಫ್ರೆಶ್‌ಮನ್, ವಾರ್ಸಿಟಿ, ಆಲ್-ಅಮೆರಿಕನ್, ಹೈಸ್ಮನ್ ಎಂದು ನಾಲ್ಕು ಮಟ್ಟಗಳಿವೆ. ಮೂರನೆಯದರಿಂದ ಶುರುಮಾಡಿ. ಕ್ವಾರ್ಟರ್ (ಪಂದ್ಯದ ನಾಲ್ಕನೇ ಒಂದು ಭಾಗ) ಅವಧಿಯನ್ನು ಹತ್ತು ನಿಮಿಷಕ್ಕೆ ಏರಿಸಿ, ಗಡಿಯಾರ ವೇಗವಾಗಿ ಓಡುವ ಆಯ್ಕೆಯನ್ನು ಜೊತೆಗಿಟ್ಟರೆ ಅಂಕಗಳು ನಿಜವಾದ ಪಂದ್ಯದ ಹತ್ತಿರ ಬರುತ್ತವೆ. ಇನ್ನು ಸ್ಲೈಡರ್‌ಗಳು: ಪಾಸ್ ನಿಖರತೆ, ಟ್ಯಾಕ್ಲಿಂಗ್ ಮುಂತಾದವಕ್ಕೆಲ್ಲ ನಿಮಗೊಂದು, ಕಂಪ್ಯೂಟರ್‌ಗೊಂದು ಅಂಕ ಇರುತ್ತದೆ. ಒಂದೇ ಸಲ ಎಲ್ಲವನ್ನೂ ತಿರುಗಿಸಬೇಡಿ. ನಿಮ್ಮ ಎಸೆತಗಳೆಲ್ಲ ಸಲೀಸಾಗಿ ಗುರಿ ಮುಟ್ಟುತ್ತಿದ್ದರೆ ಪಾಸ್ ನಿಖರತೆಯೊಂದನ್ನೇ ಐದರಷ್ಟು ಇಳಿಸಿ, ಎರಡು ಪಂದ್ಯ ಆಡಿ ನೋಡಿ. ಮುಂದಿನದನ್ನು ಮುಟ್ಟುವುದು ಆಮೇಲೆ.

ನಿಮ್ಮದೇ ಕಟ್ಟುಪಾಡು

ಮೆನುವಿನಲ್ಲಿ ಎಲ್ಲೂ ಇಲ್ಲದ ಹಂತ ಇದೊಂದೇ. ಉಳಿದೆಲ್ಲಕ್ಕಿಂತ ಇದು ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಜೆರ್ಸಿಯ ಬಣ್ಣ ಬದಲಿಸಿದ ಮಾತ್ರಕ್ಕೆ ಡೈನಸ್ಟಿ ನಿಮ್ಮದಾಗುವುದಿಲ್ಲ. ‘ಇದನ್ನು ನಾನು ಮಾಡುವುದಿಲ್ಲ’ ಎಂದು ಗೆರೆ ಎಳೆದುಕೊಂಡಾಗ ಆಗುತ್ತದೆ.

ಕೆಂಟ್‌ಗೆ ಒಂದು ಕಟ್ಟುಪಾಡು ಹೀಗಿರಲಿ: ಮೊದಲ ಮೂರು ವರ್ಷ ಒಹಾಯೊ ಮತ್ತು ಅದರ ಗಡಿ ರಾಜ್ಯಗಳ ಹುಡುಗರನ್ನು ಮಾತ್ರ ಸೇರಿಸಿಕೊಳ್ಳುವುದು. ಆಗ ನೇಮಕಾತಿಯ ಪಟ್ಟಿಯ ಒಂದೊಂದು ಹೆಸರಿಗೂ ಬೆಲೆ ಬರುತ್ತದೆ. ಕ್ಲೀವ್‌ಲ್ಯಾಂಡ್‌ನ, ಐದಕ್ಕೆ ಮೂರು ತಾರೆ ಪಡೆದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಕ್ರಮಣ ನಡೆಸುವವ) ಒಬ್ಬನ ಮೇಲೆ ನಿಮ್ಮ ಕಣ್ಣಿದೆ ಎನ್ನೋಣ. ವಾರಕ್ಕಿಷ್ಟೇ ಗಂಟೆ ಎಂಬ ಮಿತಿಯೊಳಗೆ ಅವನನ್ನು ಒಲಿಸಬೇಕು. ನೇರ ಸಂದೇಶಕ್ಕೆ 10 ಗಂಟೆ, ಮನೆಯವರನ್ನೂ ಗೆಳೆಯರನ್ನೂ ಮಾತನಾಡಿಸಲು 25, ‘ಸೆಂಡ್ ದ ಹೌಸ್’ ಎಂದು ಸರ್ವಪ್ರಯತ್ನ ಮಾಡಿದರೆ 50. ಐವತ್ತನ್ನೂ ಇವನಿಗೇ ಸುರಿದರೆ ಅವನಿಗೆ ಕಾವಲಾಗಿ ನಿಲ್ಲುವ ಲೈನ್‌ಮನ್‌ಗಳಿಗೆ ಗಂಟೆ ಸಾಲದು. ಅವನ ‘ಡೀಲ್‌ಬ್ರೇಕರ್’, ಅಂದರೆ ಈಡೇರದಿದ್ದರೆ ಬರಲೊಪ್ಪದ ಷರತ್ತು, ಏನೆಂದು ಮೊದಲು ನೋಡಿ. ಆಡುವ ಅವಕಾಶವೇ ಅವನ ಷರತ್ತಾಗಿದ್ದರೆ ದೊಡ್ಡ ಕಾಲೇಜಿನ ಬೆಂಚಿಗಿಂತ ನಿಮ್ಮ ಮೈದಾನ ಅವನಿಗೆ ಹಿತವೆನಿಸೀತು. ಆಮೇಲೆ ಅವನನ್ನು ಕೂರಿಸಿದಿರೋ, ಋತು ಮುಗಿಯುತ್ತಲೇ ಕಾಲೇಜು ಬದಲಿಸಲು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್ ಹಿಡಿದು ಹೊರಟುಬಿಡಬಹುದು.

ಸೋತ ಪಂದ್ಯವನ್ನು ಅಳಿಸಿ ಮತ್ತೆ ಆಡುವುದಿಲ್ಲ ಎಂಬ ಕಟ್ಟುಪಾಡೂ ಇರಲಿ. ಆಕ್ರನ್‌ಗೆ ಸೋತು ಗಾಡಿಚಕ್ರ ಕಳೆದುಕೊಂಡ ವರ್ಷವನ್ನು ಹಾಗೆಯೇ ಇಟ್ಟುಕೊಂಡರೆ ಮಾತ್ರ ಮರುವರ್ಷದ ಪಂದ್ಯಕ್ಕೆ ಕಾವು. ಋತು ಮುಗಿದಾಗ ಫಲಿತಾಂಶ, ಪದವಿ ಮುಗಿಸಿ ಹೊರಟವರು, ಹೊಸದಾಗಿ ಬಂದವರು ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಗೆಳೆಯರೊಡನೆ ಆನ್‌ಲೈನ್‌ನಲ್ಲಿ ಆಡುವುದಾದರೆ ಒಂದೇ ಡೈನಸ್ಟಿಗೆ 32 ಮಂದಿವರೆಗೆ ಸೇರಬಹುದು. ಒಬ್ಬರು ಡ್ಯಾಲಸ್‌ನಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ ಇದ್ದಾಗ ಮುಂದಿನ ವಾರಕ್ಕೆ ಆಟವನ್ನು ಯಾವಾಗ ಸರಿಸಬೇಕೆಂಬುದೇ ಜಗಳದ ಮೂಲ. ಅಲ್ಲಿನ ಭಾನುವಾರ ರಾತ್ರಿ, ಇಲ್ಲಿನ ಸೋಮವಾರ ಬೆಳಿಗ್ಗೆ ಎಂದು ಒಂದು ಗಡುವು ಗೊತ್ತುಮಾಡಿ. ಅಷ್ಟರೊಳಗೆ ಆಡದವರ ಪಂದ್ಯವನ್ನು ಕಂಪ್ಯೂಟರ್ ಆಡಿ ಮುಗಿಸುತ್ತದೆ ಎಂಬುದಕ್ಕೆ ಎಲ್ಲರಿಂದಲೂ ಮೊದಲೇ ಒಪ್ಪಿಗೆ ಪಡೆದುಕೊಳ್ಳಿ.