ದುಬಾರಿ ಪಾನಾ, ಅಗ್ಗದ ಪಾನಾ: ದುಡ್ಡು ಎಲ್ಲಿ ಹಾಕಿದೆ, ಎಲ್ಲಿ ಹಾಕಲಿಲ್ಲ

ದೊಡ್ಡ ಕಂಪನಿಯ ಪಾನಾಗಳಿಗೆ ಅಷ್ಟೊಂದು ದುಡ್ಡು ಕೊಡಬೇಕಾ? ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ತಮ್ಮ ಗಾಡಿಯನ್ನು ತಾವೇ ಬಿಚ್ಚಿ ಕಟ್ಟುವ ಹವ್ಯಾಸ ಇರುವವರೂ ಇದನ್ನೇ ಕೇಳುತ್ತಾರೆ. "ಕಬ್ಬಿಣ ಕಬ್ಬಿಣವೇ, ಹೆಸರಿಗೆ ಯಾಕೆ ದುಡ್ಡು?" ಅನ್ನುವವರಿದ್ದಾರೆ. "ಒಂದೇ ಸಲ ಒಳ್ಳೆಯದು ತಗೊಂಡುಬಿಡು, ಕೊನೆವರೆಗೂ ಬರುತ್ತೆ" ಅನ್ನುವವರೂ ಇದ್ದಾರೆ. ಬೈಕು, ಕಾರು ಎರಡನ್ನೂ ರಿಪೇರಿ ಮಾಡಿ ಬದುಕುವ ನನಗೆ ಈ ಎರಡು ಮಾತೂ ಸಾಲದು ಅನ್ನಿಸುತ್ತದೆ. ಇಬ್ಬರೂ ಲೆಕ್ಕ ಹಾಕುವುದು ಪಾನಾದ ಆಯಸ್ಸನ್ನು. ನಾನು ಲೆಕ್ಕ ಹಾಕುವುದು ಬೋಲ್ಟಿನ ಆಯಸ್ಸನ್ನು.

ಪಾನಾ ಮುರಿದರೆ ಇನ್ನೊಂದು ತರಬಹುದು. ಬೋಲ್ಟಿನ ತಲೆ ಸವೆದು ರೌಂಡ್ ಆದರೆ ಐದು ನಿಮಿಷದ ಕೆಲಸ ಅರ್ಧ ದಿನ ತಿನ್ನುತ್ತದೆ. ವೈಸ್ ಗ್ರಿಪ್‌ನಲ್ಲಿ ಹಿಡಿದು ನೋಡಬೇಕು. ಬರಲಿಲ್ಲ ಅಂದರೆ ಮೇಲೊಂದು ನಟ್ ಇಟ್ಟು ವೆಲ್ಡ್ ಮಾಡಬೇಕು. ಅದೂ ಆಗದಿದ್ದರೆ ಡ್ರಿಲ್ ಹಾಕಬೇಕು. ಬೋಲ್ಟ್ ಕೂತಿರುವುದು ಅಲ್ಯೂಮಿನಿಯಂ ಇಂಜಿನ್ ಕೇಸಿನಲ್ಲಿ ಅಂದರೆ, ಡ್ರಿಲ್ ಸ್ವಲ್ಪ ವಾಲಿದರೂ ಥ್ರೆಡ್ ಹೋಯಿತು. ಆಮೇಲೆ ಇನ್ಸರ್ಟ್ ಕೂರಿಸಿ ಹೊಸ ಥ್ರೆಡ್ ಮಾಡುವ ಕೆಲಸ ಬೇರೆ. ಪಾನಾಗೆ ಕೊಡುವ ಲೈಫ್‌ಟೈಮ್ ಗ್ಯಾರಂಟಿ ಈ ಖರ್ಚನ್ನು ಕೊಡುವುದಿಲ್ಲ. ಹಾಗಾಗಿ ಏನೇ ಕೊಳ್ಳುವಾಗಲೂ ನನ್ನ ಮೊದಲ ಪ್ರಶ್ನೆ ಒಂದೇ: ಇದು ಕೈಕೊಟ್ಟರೆ ಹಾಳಾಗುವುದು ಇದೊಂದೇನಾ, ಇಲ್ಲ ಇದರ ಜೊತೆ ಗಾಡಿಯ ಭಾಗವೂ ಹಾಳಾಗುತ್ತದಾ?

ಸಾಕೆಟ್‌ನಿಂದ, ಅಂದರೆ ಬೋಲ್ಟಿನ ತಲೆಯ ಮೇಲೆ ಟೋಪಿಯಂತೆ ಕೂರುವ ಬಟ್ಟಲಿನಿಂದ, ಶುರು ಮಾಡುತ್ತೇನೆ. ದುಬಾರಿ ಮಾಲಿಗೆ ಹಿಂದೆ ಇದ್ದ ಮೇಲುಗೈ ಇಲ್ಲಿ ಈಗ ಅಷ್ಟಾಗಿ ಉಳಿದಿಲ್ಲ. ಸಾಕೆಟ್ಟು, ಹಿಡಿ ಎರಡನ್ನೂ ಬೇರೆ ಬೇರೆ ಮಾಡಿ, ಐದು ಹಿಡಿ ಹತ್ತು ಸಾಕೆಟ್ ಇದ್ದರೆ ಐವತ್ತು ಪಾನಾದ ಕೆಲಸ ಆಗುತ್ತದೆ ಎಂದು 1920ರಲ್ಲಿ ಅಮೆರಿಕದಲ್ಲಿ ಮಾರಲು ಹೊರಟವರು ಸ್ನ್ಯಾಪ್-ಆನ್ ಎಂಬ ಟೂಲ್ ಕಂಪನಿಯವರು. 1960ರ ದಶಕದಲ್ಲಿ ಅವರೇ 'ಫ್ಲ್ಯಾಂಕ್ ಡ್ರೈವ್' ಎಂಬ ಆಕಾರ ತಂದರು. ಹಳೆಯ ಸಾಕೆಟ್ ಬೋಲ್ಟಿನ ಮೂಲೆಗಳನ್ನು ಒತ್ತುತ್ತಿತ್ತು. ಮೂಲೆ ಅಂದರೆ ಬೋಲ್ಟಿನ ಅತ್ಯಂತ ದುರ್ಬಲ ಜಾಗ, ಅಲ್ವಾ? ಹೊಸ ಆಕಾರದಲ್ಲಿ ಸಾಕೆಟ್ಟಿನ ಒಳಮೂಲೆಗಳನ್ನು ಗುಂಡಗೆ ಕೆತ್ತಿರುತ್ತಾರೆ. ಬಲ ಮೂಲೆ ಬಿಟ್ಟು ಪಕ್ಕದ ಚಪ್ಪಟೆ ಭಾಗದ ಮೇಲೆ ಬೀಳುತ್ತದೆ. ಇದು ನಿಜವಾದ ಸುಧಾರಣೆ. ಆದರೆ ಆ ಪೇಟೆಂಟ್ ಮುಗಿದು ಕಾಲವಾಗಿದೆ, ಈಗ ಮಧ್ಯಮ ಬೆಲೆಯ ಸಾಕೆಟ್‌ಗಳಲ್ಲೂ ಅದೇ ಆಕಾರ ಇರುತ್ತದೆ. ಅದಕ್ಕೇ ನನ್ನ ಸಾಕೆಟ್‌ಗಳೆಲ್ಲ ಮಧ್ಯಮ ದರ್ಜೆಯವು. ಎಲ್ಲವೂ ಆರು ಮೂಲೆಯವು. ಹನ್ನೆರಡು ಮೂಲೆಯದು ಇಕ್ಕಟ್ಟಿನ ಜಾಗಕ್ಕೆ ಅನುಕೂಲ, ಆದರೆ ತುಕ್ಕು ಹಿಡಿದ ಬೋಲ್ಟಿಗೆ ನಾನು ಅದನ್ನು ಹಾಕುವುದೇ ಇಲ್ಲ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡುತ್ತೇನೆ. ಜೇಬಿನಲ್ಲಿ ಹೊಸ ಎಂ6 (ಥ್ರೆಡ್ 6 ಮಿಲಿಮೀಟರ್ ದಪ್ಪದ) ಬೋಲ್ಟ್ ಇಟ್ಟುಕೊಂಡಿರುತ್ತೇನೆ. ಅದರ ತಲೆ 10 ಮಿಲಿಮೀಟರ್, ಗಾಡಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಸಿಗುವ ಅಳತೆ. ಸಾಕೆಟ್ಟನ್ನು ಅದರ ಮೇಲೆ ಕೂರಿಸಿ ಎಡಕ್ಕೆ ಬಲಕ್ಕೆ ತಿರುಗಿಸಿದರೆ ಎಷ್ಟು ಆಟ ಇದೆ ಅಂತ ಬೆರಳಿಗೇ ಗೊತ್ತಾಗುತ್ತದೆ. ತೀರಾ ಸಡಿಲ ಅನ್ನಿಸಿದರೆ ಇಡೀ ಸೆಟ್ಟನ್ನು ಅಲ್ಲೇ ಬಿಡುತ್ತೇನೆ, ಹೆಸರು ಯಾವುದೇ ಇರಲಿ.

ರಿಂಗ್ ಪಾನಾದ ವಿಷಯವೂ ಹೆಚ್ಚುಕಡಿಮೆ ಹೀಗೇ. ರಿಂಗ್ ಬೋಲ್ಟನ್ನು ಸುತ್ತಲೂ ಹಿಡಿಯುವುದರಿಂದ ಸಾಧಾರಣ ಉಕ್ಕು ಕೂಡ ನಿಭಾಯಿಸುತ್ತದೆ. ತೆರೆದ ಬಾಯಿಯ ಕಡೆಯೇ ಕಷ್ಟ. ಅದು ಹಿಡಿಯುವುದು ಎರಡೇ ಮುಖವನ್ನು. ಉಕ್ಕು ಮೆದುವಾಗಿದ್ದರೆ ಜೋರಾಗಿ ಎಳೆದಾಗ ಬಾಯಿ ಅಗಲವಾಗಿ ಜಾರುತ್ತದೆ. ಹಾಗಂತ ಇಡೀ ಸೆಟ್ ದುಬಾರಿಯದು ಬೇಕಿಲ್ಲ. ಜಪಾನಿ ಗಾಡಿಗಳಲ್ಲಿ ಎಂ8 ಬೋಲ್ಟಿನ ತಲೆ ಸಾಮಾನ್ಯವಾಗಿ 12, ಯುರೋಪಿನವುಗಳಲ್ಲಿ 13. ಎಂ10 ಅಂದರೆ ಜಪಾನಿನದು 14, ಯುರೋಪಿನದು 16 ಅಥವಾ 17. ನೀವು ಕೈ ಹಾಕುವ ಗಾಡಿ ಯಾವುದು ಅಂತ ಗೊತ್ತಿದ್ದರೆ ದಿನವೂ ಬೇಕಾಗುವ ಅಳತೆ ಐದಾರಕ್ಕಿಂತ ಜಾಸ್ತಿ ಬರುವುದಿಲ್ಲ. ನಾನು ಒಳ್ಳೆಯ ಪಾನಾ ಬಿಡಿಬಿಡಿಯಾಗಿ ಕೊಂಡಿದ್ದು ಆ ಅಳತೆಗಳಲ್ಲಿ ಮಾತ್ರ. 11, 15, 18 ಎಲ್ಲ ಅಗ್ಗದ ಸೆಟ್ಟಿನವೇ, ಇವತ್ತಿಗೂ ಹೊಸದರಂತಿವೆ.

ಇನ್ನು ನಾನು ಕಣ್ಣು ಮುಚ್ಚಿ ದುಡ್ಡು ಕೊಡುವ ಜಾಗಗಳು.

ಮೊದಲನೆಯದು ಬ್ರೇಕ್ ಪೈಪಿನ ಪಾನಾ. ಬ್ರೇಕ್ ಪೈಪ್ ಕೂರಿಸುವ ನಟ್ ಒಳಗೆ ಟೊಳ್ಳು, ಗೋಡೆ ತೆಳು, ಲೋಹವೂ ಮೆದು. ನೀರು, ಕೆಸರು ಕುಡಿದು ತುಕ್ಕು ಬೇರೆ ಹಿಡಿದಿರುತ್ತದೆ. ನಡುವೆ ಪೈಪ್ ಇರುವುದರಿಂದ ರಿಂಗ್ ಪಾನಾ ಹಾಕಲು ಆಗುವುದಿಲ್ಲ. ಅದಕ್ಕೆಂದೇ ಒಂದು ಕಡೆ ಸೀಳಿದ ರಿಂಗ್ ಪಾನಾ ಬರುತ್ತದೆ, ಫ್ಲೇರ್ ನಟ್ ಸ್ಪ್ಯಾನರ್. ಸೀಳಿರುವುದರಿಂದಲೇ ಅದರ ಬಲ ಪೂರ್ತಿ ಉಕ್ಕಿನ ಮೇಲೆ ನಿಂತಿರುತ್ತದೆ. ಅಗ್ಗದ್ದು ಬಲ ಬಿದ್ದ ತಕ್ಷಣ ಬಾಯಿ ಬಿಡುತ್ತದೆ. ನಟ್ ರೌಂಡ್ ಆದರೆ ಪೈಪ್ ಕತ್ತರಿಸಿ ಹೊಸದು ಮಾಡಬೇಕು, ಎಣ್ಣೆ ಹಾಕಿ ಗಾಳಿ ತೆಗೆಯಬೇಕು. ಈ ಪಾನಾ ನನಗೆ ಪದೇ ಪದೇ ಬೇಕಾಗುವುದಿಲ್ಲ. ಆದರೂ ನನ್ನ ಪೆಟ್ಟಿಗೆಯಲ್ಲಿ ಅಳತೆಗೆ ಹೋಲಿಸಿದರೆ ಅತಿ ದುಬಾರಿ ಪಾನಾ ಇದೇ.

ಎರಡನೆಯದು ಸ್ಕ್ರೂ ಡ್ರೈವರ್. ಹಳೆಯ ಜಪಾನಿ ಬೈಕಿನ ಕಾರ್ಬುರೇಟರ್, ಇಂಜಿನ್ ಕವರ್, ಬ್ರೇಕ್ ಎಣ್ಣೆ ಡಬ್ಬಿಯ ಮುಚ್ಚಳ ಇವುಗಳಲ್ಲಿ ಪ್ಲಸ್ ತಲೆಯ ಸ್ಕ್ರೂ ಇರುತ್ತದೆ. ನೋಡಲು ಫಿಲಿಪ್ಸ್ ಎಂಬ ಮಾಮೂಲಿ ಪ್ಲಸ್ ತಲೆಯ ತರಹವೇ ಇದೆ, ಆದರೆ ಅದು ಜೆಐಎಸ್ ಎಂಬ ಜಪಾನಿನ ಕೈಗಾರಿಕಾ ಮಾನದಂಡದ ಅಳತೆಯದು. ಎಷ್ಟೋ ಸಲ ತಲೆಯ ಮೇಲೆ ಚಿಕ್ಕ ಚುಕ್ಕಿ ಗುರುತು ಇರುತ್ತದೆ. ಅದಕ್ಕೆ ಫಿಲಿಪ್ಸ್ ತುದಿ ಪೂರ್ತಿ ಆಳಕ್ಕೆ ಕೂರುವುದಿಲ್ಲ, ತಿರುಗಿಸಿದರೆ ಮೇಲಕ್ಕೆ ಜಾರಿ ತಲೆಯನ್ನು ಕೆರೆದುಹಾಕುತ್ತದೆ. "ಜಪಾನಿನವರ ಸ್ಕ್ರೂ ಬೆಣ್ಣೆ ತರಹ ಮೆದು" ಅನ್ನುವ ದೂರಿನ ಹಿಂದೆ ಬಹಳ ಸಲ ಇರುವುದು ತಪ್ಪು ಸ್ಕ್ರೂ ಡ್ರೈವರ್. ನನ್ನ ಹತ್ತಿರ ಇರುವುದು ವೆಸೆಲ್ ಕಂಪನಿಯದು. ಅದರಲ್ಲಿ ಒಂದಕ್ಕೆ ಹಿಡಿಯ ಹಿಂದೆ ಸುತ್ತಿಗೆಯಿಂದ ಹೊಡೆದರೆ ತುದಿ ಸ್ವಲ್ಪವೇ ತಿರುಗುವ ವ್ಯವಸ್ಥೆ ಇದೆ. ಕಚ್ಚಿಕೊಂಡ ಸ್ಕ್ರೂಗೆ ಒತ್ತಡ, ಪೆಟ್ಟು, ತಿರುವು ಮೂರೂ ಒಟ್ಟಿಗೆ ಬೀಳುತ್ತದೆ. ಇವು ವಿಪರೀತ ದುಬಾರಿ ಟೂಲ್ಸ್ ಏನೂ ಅಲ್ಲ. ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ: ಎಷ್ಟೇ ದುಬಾರಿ ಫಿಲಿಪ್ಸ್ ತಂದರೂ ಈ ಸ್ಕ್ರೂ ಮುಂದೆ ಅದು ಸೋಲುತ್ತದೆ. ಬೆಲೆಗಿಂತ ಮೊದಲು ಅಳತೆ ಹೊಂದಬೇಕು.

ಮೂರನೆಯದು ತಲೆಯಲ್ಲಿ ಆರು ಮೂಲೆಯ ಗುಂಡಿ ಇರುವ ಬೋಲ್ಟಿಗೆ ಹಾಕುವ ಅಲೆನ್ ಕೀ, ಅದರಲ್ಲೂ 4, 5, 6 ಮಿಲಿಮೀಟರ್ ಅಳತೆಗಳು. ಅಲೆನ್ ಬೋಲ್ಟಿನ ಗುಂಡಿ ಚಿಕ್ಕದು, ಮೂಲೆಗಳೂ ಚಿಕ್ಕವು. ತುದಿ ಕೂದಲೆಳೆಯಷ್ಟು ಸವೆದಿದ್ದರೂ ಒಳಗಿನ ಮೂಲೆ ಉರುಟಾಗುತ್ತದೆ. ಒಳ್ಳೆಯ ಕೀ ಅಳತೆಗೆ ಸರಿಯಾಗಿ ಕೂರುತ್ತದೆ, ಉಕ್ಕೂ ಗಟ್ಟಿ. ಚೆಂಡಿನ ತುದಿ ಇರುವುದು ಓರೆಯಾಗಿ ಹಾಕಿ ಬೇಗ ಬೇಗ ತಿರುಗಿಸಲು ಚೆನ್ನ. ಆದರೆ ಕೊನೆಯ ಬಿಗಿತಕ್ಕೂ ಮೊದಲ ಸಡಿಲಕ್ಕೂ ನೇರ ತುದಿಯನ್ನೇ ಹಾಕಿ. ಬೋಲ್ಟಿನ ಗುಂಡಿಯಲ್ಲಿ ಕೂತ ಮಣ್ಣನ್ನು ಮೊಳೆಯಿಂದ ಕೆರೆದು ತೆಗೆದ ಮೇಲೆಯೇ ಕೀ ಹಾಕಬೇಕು. ಈ ಕೆಲಸ ಬಿಟ್ಟರೆ ಎಂಥ ಕೀ ಇದ್ದರೂ ಕಾಪಾಡುವುದಿಲ್ಲ.

ರ‍್ಯಾಚೆಟ್ ವಿಷಯಕ್ಕೆ ಬಂದರೆ ಲೆಕ್ಕ ಸ್ವಲ್ಪ ಬೇರೆ. ಇದು ಸಾಕೆಟ್ಟಿಗೆ ಸಿಕ್ಕಿಸುವ, ಒಳಗೆ ಹಲ್ಲಿರುವ, ಒಂದು ದಿಕ್ಕಿಗೆ ಮಾತ್ರ ಬಲ ಕೊಡುವ ಹಿಡಿ. ಅದು ಕೆಟ್ಟರೆ ಬೋಲ್ಟಿಗೆ ಏನೂ ಆಗುವುದಿಲ್ಲ, ಕೈಗೆ ಆಗುತ್ತದೆ. ಭಾರ ಹಾಕಿ ಎಳೆಯುವಾಗ ಹಲ್ಲು ತಪ್ಪಿದರೆ ಗೆಣ್ಣು ಹೋಗಿ ಬಡಿಯುವುದು ಇಂಜಿನ್ನಿಗೆ. 36 ಹಲ್ಲಿನ ರ‍್ಯಾಚೆಟ್ಟಿಗೆ ಮುಂದಿನ ಹಲ್ಲು ಹಿಡಿಯಲು 10 ಡಿಗ್ರಿ ತಿರುಗಬೇಕು, 72 ಹಲ್ಲಿನದಕ್ಕೆ 5 ಡಿಗ್ರಿ ಸಾಕು. ಕಾರಿನ ಇಕ್ಕಟ್ಟಿನಲ್ಲಿ ಆ 5 ಡಿಗ್ರಿ ದೊಡ್ಡ ಮಾತು. ಆದರೆ ಹಲ್ಲು ಜಾಸ್ತಿ ಆದಷ್ಟೂ ಒಂದೊಂದು ಹಲ್ಲೂ ಸಣ್ಣದಾಗುತ್ತದೆ. ಸಣ್ಣ ಹಲ್ಲು ಭಾರ ತಡೆಯಬೇಕಾದರೆ ಒಟ್ಟಿಗೆ ಹಲವು ಹಲ್ಲು ಕಚ್ಚಬೇಕು, ತಯಾರಿಕೆ ನಿಖರವಾಗಿರಬೇಕು. ದುಬಾರಿ ರ‍್ಯಾಚೆಟ್ಟಿನ ದುಡ್ಡು ಹೋಗುವುದು ಅಲ್ಲಿಗೆ.

ಹಲ್ಲಿನ ಸಂಖ್ಯೆಗಿಂತ ನಾನು ಜಾಸ್ತಿ ನೋಡುವುದು ಹಿಂದಕ್ಕೆ ತಿರುಗಿಸುವಾಗಿನ ಎಳೆತ. ಬೆರಳಲ್ಲೇ ತಿರುಗುವಷ್ಟು ಸಡಿಲ ಇರುವ ನಟ್ಟಿಗೆ ರ‍್ಯಾಚೆಟ್ ಹಾಕಿ ಹಿಂದಕ್ಕೆ ತನ್ನಿ. ಒಳ್ಳೆಯದು ಕಟಕಟ ಅಂತ ತಾನು ಮಾತ್ರ ಹಿಂದೆ ಬರುತ್ತದೆ. ಬಿಗಿಯಾಗಿರುವುದು ನಟ್ಟನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆ, ಕೆಲಸ ಮುಂದೆ ಸಾಗುವುದೇ ಇಲ್ಲ. ದಿನವೂ ಕೈಯಲ್ಲಿರುವ 3/8 ಇಂಚಿನ (ಸಾಕೆಟ್ ಸಿಕ್ಕಿಸುವ ಚೌಕದ ಅಳತೆ) ರ‍್ಯಾಚೆಟ್ಟನ್ನು ನಾನು ಒಳ್ಳೆಯದೇ ಕೊಂಡೆ. ಅರ್ಧ ಇಂಚಿನದು ಸಾಧಾರಣದ್ದು. ಭಾರಿ ಬಿಗಿ ಇರುವ ಕಡೆ ಹೇಗಿದ್ದರೂ ಉದ್ದನೆಯ ಬ್ರೇಕರ್ ಬಾರ್ ಹಾಕುತ್ತೇನೆ, ಅದರಲ್ಲಿ ಕೆಡಲು ಹಲ್ಲೇ ಇಲ್ಲ.

ಬೋಲ್ಟನ್ನು ಗೊತ್ತುಮಾಡಿದಷ್ಟೇ ಬಿಗಿ ಮಾಡುವ ಟಾರ್ಕ್ ರೆಂಚಿನಲ್ಲಿ ಹೊಳಪು ನೋಡಬೇಡಿ, ಸರ್ಟಿಫಿಕೇಟ್ ನೋಡಿ. ಐಎಸ್ಒ 6789 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 10 ನ್ಯೂಟನ್ ಮೀಟರಿಗಿಂತ (ತಿರುಗಿಸುವ ಬಲದ ಅಳತೆ) ದೊಡ್ಡ, ಬಿಗಿತ ಮುಟ್ಟಿದಾಗ 'ಕ್ಲಿಕ್' ಅನ್ನುವ ರೆಂಚಿನ ವ್ಯತ್ಯಾಸ 4 ಶೇಕಡಾ ಮೀರಬಾರದು. ಸಾಮಾನ್ಯವಾಗಿ 12 ತಿಂಗಳಿಗೋ 5000 ಸಲದ ಬಳಕೆಗೋ, ಯಾವುದು ಮೊದಲು ಬರುತ್ತದೋ ಆಗ ಕ್ಯಾಲಿಬ್ರೇಷನ್, ಅಂದರೆ ಅಳತೆ ಸರಿ ಇದೆಯಾ ಅನ್ನುವ ಪರೀಕ್ಷೆ, ಮಾಡಿಸಬೇಕು. ಮಧ್ಯಮ ಬೆಲೆಯದನ್ನು ಕೊಂಡು ಕ್ಯಾಲಿಬ್ರೇಷನ್‌ಗೆ ದುಡ್ಡು ಎತ್ತಿಡುವುದು, ದುಬಾರಿಯದು ಕೊಂಡು ವರ್ಷಗಟ್ಟಲೆ ಹಾಗೇ ಬಳಸುವುದಕ್ಕಿಂತ ಎಷ್ಟೋ ಮೇಲು. ಇನ್ನೊಂದು, ಅಳತೆಪಟ್ಟಿಯ ತೀರಾ ಕೆಳಭಾಗದಲ್ಲಿ ರೆಂಚನ್ನು ನಂಬಬೇಡಿ. ಎಂ6 ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು, ಅದಕ್ಕೆ ಚಕ್ರದ ನಟ್ ಬಿಗಿಯುವ ದೊಡ್ಡ ರೆಂಚ್ ಹಾಕಿದರೆ ಕ್ಲಿಕ್ ಕೇಳಿಸುವ ಮೊದಲೇ ಥ್ರೆಡ್ ಕಿತ್ತು ಬರುತ್ತದೆ. ನಾನು ಚಿಕ್ಕದೊಂದು, ದೊಡ್ಡದೊಂದು ಇಟ್ಟಿದ್ದೇನೆ. ಕೆಲಸ ಮುಗಿದ ಮೇಲೆ ಎರಡನ್ನೂ ಅವುಗಳ ಅತಿ ಕಡಿಮೆ ಅಳತೆಗೆ ಇಳಿಸಿ ಇಡುತ್ತೇನೆ.

ಪ್ಲೇಯರ್ ಬಗ್ಗೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ. ಕೈಯಲ್ಲಿ ಹಿಡಿದ ಕೂಡಲೇ ಬೆಲೆಯ ವ್ಯತ್ಯಾಸ ಗೊತ್ತಾಗುವ ಟೂಲ್ ಅದು. ಜರ್ಮನಿಯ ವುಪ್ಪರ್‌ಟಾಲ್‌ನ ಕ್ನಿಪೆಕ್ಸ್ ಕಂಪನಿ ಪ್ಲೇಯರ್ಸ್ ರೆಂಚ್ ಅಂತ ಒಂದನ್ನು ಮಾಡುತ್ತದೆ. ಅದರ ಎರಡೂ ದವಡೆ ನುಣುಪು, ಎಷ್ಟು ತೆರೆದರೂ ಒಂದಕ್ಕೊಂದು ಸಮಾನಾಂತರವಾಗಿ ಇರುತ್ತವೆ. ಕೈಯ ಬಲವನ್ನು ಸುಮಾರು ಹತ್ತು ಪಟ್ಟು ಮಾಡಿ ದವಡೆಗೆ ಕೊಡುತ್ತದೆ. ಹಿಡಿ ಒತ್ತಿದಷ್ಟೂ ಬೋಲ್ಟನ್ನು ಗಟ್ಟಿಯಾಗಿ ಅಪ್ಪಿಕೊಳ್ಳುವುದರಿಂದ ಆಟ ಅನ್ನುವುದೇ ಉಳಿಯುವುದಿಲ್ಲ. ಕ್ರೋಮ್ ಬಳಿದ ನಟ್ಟಿನ ಮೇಲೂ ಗೀರು ಬೀಳುವುದಿಲ್ಲ. ಇದು ಬಂದ ಮೇಲೆ ನನ್ನ ಅಡ್ಜಸ್ಟಬಲ್ ಪಾನಾ ಮೂಲೆ ಸೇರಿದೆ. ಕಟಿಂಗ್ ಪ್ಲೇಯರ್ ಕೂಡ ಹೀಗೇ. ಮೆದು ಅಂಚಿನದು ಒಂದೇ ಒಂದು ಗಟ್ಟಿ ತಂತಿ ಕತ್ತರಿಸಿದರೂ ಹಲ್ಲು ಬೀಳುತ್ತದೆ, ಆಮೇಲೆ ತಾಮ್ರದ ವೈರನ್ನೂ ಜಗಿಯುತ್ತದೆ.

ವಿದ್ಯುತ್ ಗಾಡಿಗಳಿಗೆ ಕೈ ಹಾಕುವವರಿಗೆ ಒಂದು ಮಾತು. ಅವುಗಳ ಬ್ಯಾಟರಿ 400 ವೋಲ್ಟ್ ಆಸುಪಾಸು ಇರುತ್ತದೆ, ಕೆಲವದರಲ್ಲಿ 800. ಮೊದಲು ಅದರ ತರಬೇತಿ ಬೇಕು. ಆಮೇಲೆ ಐಇಸಿ 60900 ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡದ ಪ್ರಕಾರ 1000 ವೋಲ್ಟ್ ಗುರುತಿರುವ, ಕಾರ್ಖಾನೆಯಲ್ಲಿ 10,000 ವೋಲ್ಟ್ ಹಾಯಿಸಿ ಪರೀಕ್ಷೆ ಮಾಡಿದ ಟೂಲ್ಸ್ ಬೇಕು. ಹಿಡಿಗೆ ರಬ್ಬರ್ ಹಾಕಿದ್ದಾರೆ ಅಂದಮಾತ್ರಕ್ಕೆ ಅದು ಇನ್ಸುಲೇಟೆಡ್ ಅಲ್ಲ. ಇಲ್ಲಿ ಬೆಲೆಯ ಮಾತೇ ಬೇಡ.

ಸುತ್ತಿಗೆ, ಉಳಿ, ಸನ್ನೆಕೋಲು, ಎಕ್ಸ್‌ಟೆನ್ಷನ್, ಟಿ ಹ್ಯಾಂಡಲ್, ಮ್ಯಾಗ್ನೆಟ್, ಟ್ರೇ, ಪೆಟ್ಟಿಗೆ, ಇವುಗಳಲ್ಲಿ ಅಗ್ಗದ್ದೇ ಸಾಕು. ಪೆಟ್ಟು ಕೊಟ್ಟು ಬೋಲ್ಟ್ ತಿರುಗಿಸುವ ಇಂಪ್ಯಾಕ್ಟ್ ಗನ್ನಿನ ಸಾಕೆಟ್ ಕೂಡ ಸಾಧಾರಣದ್ದೇ ನನ್ನದು. ಆದರೆ ಅದು ದಪ್ಪ ಗೋಡೆಯ, ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ಟೇ ಆಗಿರಬೇಕು. ಹೊಳೆಯುವ ಕ್ರೋಮ್ ಸಾಕೆಟ್ಟನ್ನು ಗನ್ನಿಗೆ ಹಾಕಿದರೆ ಒಡೆದು ಚೂರು ಕಣ್ಣಿಗೆ ಹಾರಬಹುದು.

"ಮೊದಲು ಅಗ್ಗದ ಸೆಟ್ ತಗೋ, ಮುರಿದದ್ದನ್ನು ಮಾತ್ರ ಒಳ್ಳೆಯದಕ್ಕೆ ಬದಲಾಯಿಸು" ಅನ್ನುವ ಸಲಹೆ ನೀವು ಕೇಳಿರಬಹುದು. ಸಾಕೆಟ್ಟಿಗೆ, ಬಾರಿಗೆ, ಸುತ್ತಿಗೆಗೆ ಇದು ಸರಿ. ಬ್ರೇಕ್ ಪೈಪಿನ ಪಾನಾ, ಸ್ಕ್ರೂ ಡ್ರೈವರ್, ಅಲೆನ್ ಕೀ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಇವು ಕೆಟ್ಟಿವೆ ಅಂತ ನಿಮಗೆ ತಿಳಿಯುವುದೇ ಬೋಲ್ಟ್ ಹಾಳಾದ ಮೇಲೆ. ಆ ಗಾಡಿ ಗಿರಾಕಿಯದು ಆಗಿರುತ್ತದೆ.

ಸಾಲ ಮಾಡಿ, ಕಂತಿನಲ್ಲಿ ಇಡೀ ಪೆಟ್ಟಿಗೆ ತುಂಬಿಸಿಕೊಳ್ಳುವ ಹುಡುಗರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಸಂಬಳ ಕಂತಿಗೇ ಹೋದರೆ ಕೆಲಸ ಕಲಿಯುವ ಉತ್ಸಾಹ ಉಳಿಯುವುದು ಹೇಗೆ? ಅಂಥವರಿಗೆ ನಾನು ಎರಡು ದಾರಿ ತೋರಿಸುತ್ತೇನೆ. ಒಂದು, ದೊಡ್ಡ ಕಂಪನಿಗಳ ಕೈಯಲ್ಲೇ ಇರುವ ಇನ್ನೊಂದು ಹೆಸರನ್ನು ಹುಡುಕುವುದು. ಉದಾಹರಣೆಗೆ ಬಾಕೊ 1999ರಿಂದ ಸ್ನ್ಯಾಪ್-ಆನ್ ಕೈಯಲ್ಲಿದೆ. ಮಾಲು ಒಂದೇ ಅಂತ ನಾನು ಹೇಳುತ್ತಿಲ್ಲ, ಆದರೆ ಬೆಲೆಯ ಅಂತರ ದೊಡ್ಡದು, ಕೆಲಸದ ಅಂತರ ಚಿಕ್ಕದು. ಇನ್ನೊಂದು ದಾರಿ ಸೆಕೆಂಡ್ ಹ್ಯಾಂಡ್. ಪಾನಾ ಆದರೆ ತೆರೆದ ಬಾಯಿಯ ತುದಿ ಅಗಲವಾಗಿದೆಯಾ, ಪೈಪ್ ಹಾಕಿ ಎಳೆದು ಹಿಡಿ ಬಾಗಿದೆಯಾ ನೋಡಿ. ರ‍್ಯಾಚೆಟ್ ಹಲ್ಲು ಸವೆದಿದ್ದರೂ ಚಿಂತೆ ಇಲ್ಲ, ಒಳ್ಳೆಯ ಕಂಪನಿಯದಕ್ಕೆ ಒಳಭಾಗಗಳ ಕಿಟ್ ಬರುತ್ತದೆ, ಕೂತಲ್ಲೇ ಬದಲಾಯಿಸಬಹುದು. ಟಾರ್ಕ್ ರೆಂಚ್ ಮಾತ್ರ ಕ್ಯಾಲಿಬ್ರೇಷನ್ ಮಾಡಿಸದೆ ಬಳಸಬೇಡಿ.